ಟ್ಯೂಬಿನಲ್ಲಿ ಉಣ್ಣುವ ಮಗುವಿನ ಅಜ್ಜಿ–ತಾತಂದಿರಿಗೆ

ಪ್ರೀತಿಯ ಅಜ್ಜಿಯಂದಿರೇ, ತಾತಂದಿರೇ,

ಮೂಗಿಗೋ ಹೊಟ್ಟೆಗೋ ಪೈಪು ಹಾಕಿಸಿಕೊಂಡು ಅದರಲ್ಲೇ ಹಾಲು, ಗಂಜಿ ತೆಗೆದುಕೊಳ್ಳುವ ಒಂದೂವರೆ, ಎರಡು, ಎರಡೂವರೆ ವರ್ಷದ ಮೊಮ್ಮಗು ಇರುವ ಮನೆಯ ಹಿರಿಯರಿಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು ವಾಕ್ ಚಿಕಿತ್ಸಕಿ. ನಮ್ಮನ್ನು ಮಾತು ಕಲಿಸುವವರು ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ಅಗಿಯಲು, ನುಂಗಲು ಬಾರದ ಮಕ್ಕಳಿಗೆ ಅದನ್ನು ಕಲಿಸುವುದೂ ನಮ್ಮ ಕೆಲಸವೇ. ಮಾತಿಗೆ ಬೇಕಾದ ತುಟಿ, ನಾಲಿಗೆ, ಗಂಟಲೇ ಊಟಕ್ಕೂ ಬೇಕಲ್ಲ.

ಮಗುವಿನ ಅಪ್ಪ ಅಮ್ಮನಿಗೆ ಬರೆಯದೆ ನಿಮಗೇಕೆ ಬರೆಯುತ್ತಿದ್ದೇನೆಂದರೆ, ಬಹಳಷ್ಟು ಮನೆಗಳಲ್ಲಿ ಊಟದ ಹೊತ್ತಿಗೆ ಮಗು ಇರುವುದು ನಿಮ್ಮ ತೊಡೆಯ ಮೇಲೆ. ಆಸ್ಪತ್ರೆಗೆ ಬಂದಾಗ ಮಾತ್ರ ಅಪ್ಪ ಅಮ್ಮ ಒಳಗೆ ಬರುತ್ತಾರೆ, ನೀವು ಬಟ್ಟೆಯ ಬ್ಯಾಗು, ಫ್ಲಾಸ್ಕು ಇಟ್ಟುಕೊಂಡು ಹೊರಗೆ ಬೆಂಚಿನ ಮೇಲೆ ಕೂತಿರುತ್ತೀರಿ. ಒಳಗೆ ಅರ್ಧ ಗಂಟೆ ಹೇಳಿದ್ದು ನಿಮ್ಮ ತನಕ ಬರುವಷ್ಟರಲ್ಲಿ ಒಂದೇ ಮಾತಾಗಿರುತ್ತದೆ: 'ಬಲವಂತ ಮಾಡಬಾರದಂತೆ.' ಯಾಕೆ ಎನ್ನುವುದು ನಿಮಗೆ ತಲುಪುವುದೇ ಇಲ್ಲ. ಮೂರು ನಾಲ್ಕು ಮಕ್ಕಳಿಗೆ ಉಣಿಸಿ ಬೆಳೆಸಿದವರಿಗೆ ಕಾರಣ ಹೇಳದೆ 'ಬೇಡ' ಎಂದರೆ ಅವರು ಒಪ್ಪುವುದಾದರೂ ಹೇಗೆ? ಆ ಕಾರಣವನ್ನು ಪೂರ್ತಿಯಾಗಿ ನಿಮ್ಮ ಮುಂದಿಡಬೇಕು ಎನ್ನಿಸಿತು.

ನಾನು ಕೇಳುವುದು ಇಷ್ಟು. ಹೊಟ್ಟೆ ತುಂಬಿಸುವ ಹೊಣೆಯನ್ನು ಸದ್ಯಕ್ಕೆ ಟ್ಯೂಬಿಗೇ ಬಿಡಿ. ಮಗುವಿನ ಬಾಯಿಯನ್ನು ಆ ಹೊಣೆಯಿಂದ ಬಿಡಿಸಿ. ಎಷ್ಟು ಒಳಗೆ ಹೋಯಿತು ಎನ್ನುವ ಲೆಕ್ಕ ಬಾಯಿಯ ಮಟ್ಟಿಗೆ ಬೇಡ. ಊಟ ಎಂದರೆ ಹೆದರುವಂಥದ್ದೇನಲ್ಲ, ಅದು ಚೆನ್ನಾಗಿರುತ್ತದೆ ಎನ್ನುವುದು ಮಗುವಿಗೆ ಮೊದಲು ಗೊತ್ತಾಗಲಿ. ಉಳಿದದ್ದೆಲ್ಲ ಅದರ ಹಿಂದೆ ಬರಬೇಕು.

'ತಿನ್ನುವುದನ್ನೂ ಯಾರಾದರೂ ಕಲಿಸಬೇಕೇ, ಹಸಿವಾದರೆ ತಾನೇ ತಿನ್ನುತ್ತದೆ' ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಹುಟ್ಟಿದ ಕೂಸಿನ ಕೆನ್ನೆಗೆ ಬೆರಳು ತಾಗಿಸಿದರೆ ಅದು ಆ ಕಡೆಗೇ ತಿರುಗಿ ಬಾಯಿ ತೆರೆಯುತ್ತದೆ, ಬಾಯಿಗೆ ಸಿಕ್ಕಿದ್ದನ್ನು ಚೀಪುತ್ತದೆ. ಅದು ಹುಟ್ಟಿನಿಂದ ಬಂದ ಗುಣ. ಆದರೆ ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಆ ಗುಣ ಕರಗಿಹೋಗುತ್ತದೆ. ಅಷ್ಟರೊಳಗೆ ಮಗು ದಿನಕ್ಕೆ ಹತ್ತಾರು ಸಲ ಹಾಲು ಕುಡಿದು, ಹಸಿವು, ಹಾಲು, ಅಮ್ಮನ ಮೈಬಿಸಿ, ಹೊಟ್ಟೆ ತುಂಬಿದ ನೆಮ್ಮದಿ ಇವೆಲ್ಲ ಒಟ್ಟಿಗೆ ಬರುತ್ತವೆ ಎಂದು ಕಲಿತಿರುತ್ತದೆ. ಆಮೇಲೆ ಮಗು ತಿನ್ನುವುದು ಆ ಕಲಿಕೆಯ ಬಲದ ಮೇಲೆ. ಅನ್ನಪ್ರಾಶನದ ದಿನ ನಿಮ್ಮ ಮಗ ಪಾಯಸ ಚಪ್ಪರಿಸಿದ್ದ ಎಂದರೆ ಅದಕ್ಕೆ ಹಿಂದಿನ ಆರು ತಿಂಗಳ ಅಭ್ಯಾಸವೇ ಕಾರಣ.

ನಿಮ್ಮ ಮೊಮ್ಮಗುವಿಗೆ ಆ ಆರು ತಿಂಗಳು ಸಿಗಲಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಗರ್ಭದ 32–34 ವಾರಗಳ ಹೊತ್ತಿಗೆ ಬರುತ್ತದೆ. ಅದಕ್ಕೆ ಮೊದಲೇ ಹುಟ್ಟಿದ ಕೂಸಿಗೆ ಟ್ಯೂಬಿಲ್ಲದೆ ವಿಧಿಯಿಲ್ಲ. ಕೆಲವು ಮಕ್ಕಳ ಹೃದಯದಲ್ಲಿ ತೊಂದರೆ. ಹಾಲು ಕುಡಿಯುವ ಶ್ರಮಕ್ಕೇ ಅವು ಬೆವರಿ ಸುಸ್ತಾಗುತ್ತವೆ. ಕೆಲವಕ್ಕೆ ಅನ್ನನಾಳವೇ ಕೂಡಿಕೊಂಡಿರುವುದಿಲ್ಲ. ಕೆಲವು ಮಕ್ಕಳಿಗೆ ಹುಟ್ಟುವಾಗ ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾಗಿರುತ್ತದೆ. ಇಂಗ್ಲೆಂಡಿನ ಷೆಫೀಲ್ಡಿನ ಮಕ್ಕಳ ವೈದ್ಯ ಇಲ್ಲಿಂಗ್‌ವರ್ತ್ ಮತ್ತು ಅವರ ಸಹೋದ್ಯೋಗಿ ಲಿಸ್ಟರ್ 1964ರಲ್ಲೇ ಇದರ ಬಗ್ಗೆ ಬರೆದರು. ಆರೇಳು ತಿಂಗಳ ವಯಸ್ಸಿನಲ್ಲಿ ಮಗು ಅಗಿಯಲು ಸಿದ್ಧವಾದಾಗ ಗಟ್ಟಿ ಆಹಾರದ ಪರಿಚಯವಾಗದಿದ್ದರೆ, ಮುಂದೆ ಅದನ್ನು ಕಲಿಸುವುದು ಕಷ್ಟ ಎಂದು ಅವರು ಕಂಡುಕೊಂಡಿದ್ದರು. ಕಷ್ಟ ಎಂದರೆ ಆಗುವುದೇ ಇಲ್ಲ ಎಂದಲ್ಲ. ಆದರೆ ತಾನಾಗಿ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಆಸ್ಪತ್ರೆಯಲ್ಲಿ ಆ ಮಗುವಿನ ಬಾಯಿಗೆ ಏನೇನಾಯಿತು ಎಂದು ಒಮ್ಮೆ ನೆನಪಿಸಿಕೊಳ್ಳಿ. ವೆಂಟಿಲೇಟರಿನ ಕೊಳವೆ ಗಂಟಲೊಳಗೆ ಇಳಿದಿತ್ತು. ಕಫ ಎಳೆಯುವ ಸಕ್ಷನ್ ನಳಿಕೆ ದಿನಕ್ಕೆ ಎಷ್ಟೋ ಸಲ ಒಳಗೆ ಹೋಗಿಬಂತು. ಟ್ಯೂಬ್ ಬದಲಿಸುವಾಗಲೆಲ್ಲ ಕೆನ್ನೆಯ ಪ್ಲಾಸ್ಟರನ್ನು ಕಿತ್ತು ಹೊಸದು ಅಂಟಿಸಿದರು. ಒಳಗೆ ಹೋದ ಹಾಲು ಹುಳಿಯಾಗಿ ಎದೆ ಉರಿಸುತ್ತಾ ಮೇಲೆ ಬಂತು. ಜೀವ ಉಳಿಸಲು ಇದೆಲ್ಲ ಬೇಕಿತ್ತು, ನಿಜ. ಆದರೆ ಮಗುವಿಗೆ ತಿಳಿದದ್ದು ಇಷ್ಟೇ: ಮುಖದ ಹತ್ತಿರ ಬಂದದ್ದೆಲ್ಲ ನೋಯಿಸಿತು. ಈಗ ನೀವು ತಂದ ಬೆಳ್ಳಿ ಚಮಚವೂ ಮುಖದ ಹತ್ತಿರಕ್ಕೇ ಬರುತ್ತದೆ. ಮಗು ತಲೆ ತಿರುಗಿಸುತ್ತದೆ, ತುಟಿ ಬಿಗಿಯುತ್ತದೆ, ಕೈ ಅಡ್ಡ ಹಿಡಿಯುತ್ತದೆ, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುತ್ತದೆ. ನಾವು ಅದನ್ನು ಹಠ ಎನ್ನುತ್ತೇವೆ. ಮಾತು ಬಾರದ ಆ ಮಗುವಿಗೆ ತನಗೆ ಹೆದರಿಕೆಯಾಗುತ್ತಿದೆ ಎಂದು ಹೇಳಲು ಇರುವ ದಾರಿ ಅದೊಂದೇ.

ಇಂಥ ಹೊತ್ತಿನಲ್ಲಿ ಕೈಕಾಲು ಹಿಡಿದು, ಮೂಗು ಒತ್ತಿ, ಬಾಯಿ ತೆರೆದಾಗ ಎರಡು ತುತ್ತು ನುಗ್ಗಿಸಿದರೆ ಆ ಎರಡು ತುತ್ತು ಒಳಗೆ ಹೋಗಬಹುದು. ಆದರೆ ಮಗುವಿನ ಹೆದರಿಕೆ ನಿಜ ಎಂದು ನಾವೇ ತೋರಿಸಿಕೊಟ್ಟ ಹಾಗಾಯಿತು. ನಾಳೆ ಚಮಚ ಅಡುಗೆಮನೆಯಲ್ಲಿ ಸದ್ದು ಮಾಡಿದರೆ ಸಾಕು, ಮಗು ಅಳಲು ಶುರುಮಾಡುತ್ತದೆ. ಆಮೇಲೆ ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಬೇಕು. ನಡೆಯಲು ಕಲಿಯುವ ಮಗುವಿನ ಕಾಲನ್ನು ನೀವು ಎಂದೂ ಎಳೆಯಲಿಲ್ಲ. ಬೆರಳು ಕೊಟ್ಟು ಅದು ಹೆಜ್ಜೆಯಿಡುವ ತನಕ ಕಾದಿರಿ. ಊಟಕ್ಕೂ ಅದೇ ತಾಳ್ಮೆ ಬೇಕು.

ಟ್ಯೂಬಿನ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಏಕೆಂದರೆ ಅದನ್ನು ಕಂಡರೆ ನಿಮಗೆ ಸಂಕಟವಾಗುತ್ತದೆ ಎಂದು ನನಗೆ ಗೊತ್ತು. ನೆಂಟರು ಬಂದಾಗ ಮಗುವಿನ ಮುಖಕ್ಕೆ ಸೆರಗು ಮುಚ್ಚುವ ಅಜ್ಜಿಯರನ್ನು ನೋಡಿದ್ದೇನೆ. ಮೂಗಿನಿಂದ ಹೊಟ್ಟೆಗಿಳಿಯುವ ಈ ರೈಲ್ಸ್ ಟ್ಯೂಬಿಗೆ ಹೆಸರು ಬಂದದ್ದು ಜಾನ್ ರೈಲ್ ಎಂಬ ಇಂಗ್ಲಿಷ್ ವೈದ್ಯರಿಂದ. 1921ರಲ್ಲಿ ಅವರು ಅದರ ಬಗ್ಗೆ ಬರೆದರು. ದೊಡ್ಡ ಆಪರೇಷನ್ ಇಲ್ಲದೆ ಎಂಡೋಸ್ಕೋಪಿಯ ಸಹಾಯದಿಂದ ಹೊಟ್ಟೆಗೇ ನೇರ ಟ್ಯೂಬ್ ಕೂರಿಸುವ ವಿಧಾನವನ್ನು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಗಾಡರರ್ ಮತ್ತು ಪಾನ್‌ಸ್ಕಿ ಎಂಬಿಬ್ಬರು ವೈದ್ಯರು ಕಂಡುಹಿಡಿದು 1980ರಲ್ಲಿ ಪ್ರಕಟಿಸಿದರು. ಗಾಡರರ್ ಮಕ್ಕಳ ಶಸ್ತ್ರವೈದ್ಯರು. ನಿಮ್ಮ ಮೊಮ್ಮಗುವಿನಂಥ ಮಕ್ಕಳಿಗಾಗಿಯೇ ಹುಟ್ಟಿದ ವಿಧಾನ ಅದು. ಬಹಳ ಕಾಲ ಟ್ಯೂಬ್ ಬೇಕಾಗುವ ಮಗುವಿಗೆ ವೈದ್ಯರು ಹೊಟ್ಟೆಯ ಟ್ಯೂಬ್ ಹಾಕಿಸೋಣ ಎಂದಾಗ 'ಹೊಟ್ಟೆಗೆ ತೂತು ಮಾಡಿಸುವುದೇ' ಎಂದು ನೀವು ಬೆಚ್ಚುತ್ತೀರಿ. ಆದರೆ ಮೂಗು, ಗಂಟಲು, ಕೆನ್ನೆ ಖಾಲಿಯಾದ ಮೇಲೆ ಬಾಯಿಯ ಕಲಿಕೆ ಸುಲಭವಾದ ಮಕ್ಕಳು ಬಹಳ. ಮಗುವಿನ ತೂಕ ಏರಿಸುತ್ತಿರುವುದು, ಮೆದುಳು ಬೆಳೆಸುತ್ತಿರುವುದು ಆ ಟ್ಯೂಬೇ. ಅದು ಇರುವುದರಿಂದಲೇ ನಾವು ಬಾಯಿಯ ವಿಷಯದಲ್ಲಿ ಆತುರಪಡಬೇಕಾಗಿಲ್ಲ. ಆ ಬಿಡುವನ್ನು ಬಲವಂತದಲ್ಲಿ ಕಳೆಯಬೇಡಿ ಎಂದೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಊರಿನಲ್ಲಿ ಯಾರೋ ಹೇಳುತ್ತಾರೆ, 'ಎರಡು ದಿನ ಟ್ಯೂಬ್ ಹಾಲು ನಿಲ್ಲಿಸಿ, ಹಸಿವು ತಡೆಯಲಾರದೆ ತಿನ್ನುತ್ತೆ' ಎಂದು. ದಯವಿಟ್ಟು ಕೇಳಬೇಡಿ. ಇದು ಅಪಾಯದ ಮಾತು. ತಿನ್ನಲು ಬಾರದ ಮಗು ಹಸಿವಾದರೂ ತಿನ್ನಲಾರದು. ನೀರಿನಂಶ ಕಡಿಮೆಯಾಗಿ ಆಸ್ಪತ್ರೆ ಸೇರುತ್ತದೆ. ಹಸಿವಿಗೆ ಈ ಕಲಿಕೆಯಲ್ಲಿ ಜಾಗ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅದನ್ನು ವೈದ್ಯರು, ಆಹಾರತಜ್ಞರು ತೂಕ ನೋಡುತ್ತಾ ಅಳತೆಯಲ್ಲಿ ಮಾಡಬೇಕು.

ಬಾಯಿಗೆ ಏನಾದರೂ ಕೊಡುವ ಮೊದಲು ಮಗುವಿನ ನುಂಗುವಿಕೆ ಸುರಕ್ಷಿತವೇ ಎಂದು ಪರೀಕ್ಷೆಯಾಗಿರಬೇಕು. ಕೆಲವು ಮಕ್ಕಳಲ್ಲಿ ಆಹಾರ ಅನ್ನನಾಳದ ಬದಲು ಶ್ವಾಸಕೋಶದ ಕಡೆಗೆ ಜಾರುತ್ತದೆ. ನಮಗಾದರೆ ಕೆಮ್ಮು ಬಂದು ಹೊರಗೆ ಹಾಕುತ್ತದೆ. ಕೆಲವು ಮಕ್ಕಳಿಗೆ ಆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಹೋಗುತ್ತದೆ. ಎಕ್ಸ್‌ರೇ ವಿಡಿಯೊದಂಥ ಪರೀಕ್ಷೆಯಲ್ಲಿ ನೋಡಿದರೇ ಗೊತ್ತಾಗುವುದು. ಬಾಯಿಗೆ ಕೊಟ್ಟ ಮೇಲೆ ಗಂಟಲಲ್ಲಿ ನೀರು ಗೊರಗೊರ ಎಂದ ಹಾಗೆ ದನಿ ಒದ್ದೆಯಾದರೆ, ಕಣ್ಣಲ್ಲಿ ನೀರು ಬಂದರೆ, ತುಟಿಯ ಬಣ್ಣ ಬದಲಾದರೆ, ಪದೇ ಪದೇ ಜ್ವರ, ನ್ಯುಮೋನಿಯಾ ಬರುತ್ತಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

'ಬರೀ ನೀರು ತಾನೇ, ಒಂದು ಚಮಚ ಕುಡಿಯಲಿ' ಎನ್ನುವ ಮಾತನ್ನು ಬಹಳ ಕೇಳಿದ್ದೇನೆ. ಇಂಥ ಎಷ್ಟೋ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ನೀರೇ. ತೆಳ್ಳಗಿರುವುದರಿಂದ ಅದು ಓಡುತ್ತದೆ, ಗಂಟಲು ಮುಚ್ಚಿಕೊಳ್ಳುವ ಮೊದಲೇ ಹಿಂದಕ್ಕೆ ಹೋಗಿರುತ್ತದೆ. ಮೊಸರಿನಷ್ಟು ಗಟ್ಟಿಯಾದದ್ದು ನಿಧಾನವಾಗಿ ಜಾರುವುದರಿಂದ ಅವಕ್ಕೆ ಸಲೀಸು. ಯಾವ ಮಗುವಿಗೆ ಎಷ್ಟು ಗಟ್ಟಿ ಎನ್ನುವುದನ್ನು ನೋಡಿ ಹೇಳಬೇಕು, ಊಹೆಯಲ್ಲಿ ಅಲ್ಲ. ಇನ್ನು ಒಳಲೆ. ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಲ್ಲಿ ಹಾಲೋ ಬಜೆ ತೇದ ನೀರೋ ಹೊಯ್ಯುವುದು ನಮ್ಮ ತಾಯಂದಿರ ಕಾಲದಿಂದ ಬಂದದ್ದು. ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ಒಳಲೆಯಲ್ಲಿ ಕುಡಿಸುವುದು ಬೇರೆ. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿಯುವುದು ಬೇರೆ. ತಲೆ ಹಿಂದಕ್ಕೆ ವಾಲಿದಾಗ ಉಸಿರಿನ ದಾರಿ ತೆರೆದುಕೊಳ್ಳುತ್ತದೆ, ಹಾಲು ಅಲ್ಲಿಗೇ ಹೋಗಬಹುದು. ನಿಮ್ಮ ಮೊಮ್ಮಗುವಿಗೆ ಅದನ್ನು ಮಾಡಲೇಬೇಡಿ.

ಇಷ್ಟು ಬೇಡಗಳ ನಂತರ, ಮಾಡಬೇಕಾದ್ದರ ಕಡೆಗೆ ಬರುತ್ತೇನೆ. ಅದರಲ್ಲಿ ನಿಮಗಿಂತ ಚೆನ್ನಾಗಿ ಮಾಡಬಲ್ಲವರು ಯಾರೂ ಇಲ್ಲ.

ಮಂಡ್ಯ ಕಡೆಯ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಎರಡು ವರ್ಷದ ಹುಡುಗಿ. ಚಮಚ ಕಂಡರೆ ಮುಖ ತಿರುಗಿಸುವವಳು, ಕೈಗೆ ಏನಾದರೂ ಅಂಟಿದರೆ ಬೆರಳುಗಳನ್ನು ಅಗಲಿಸಿ ಅಳುವವಳು. ಮೆತ್ತಗಿನದನ್ನು ನುಂಗಲು ತೊಂದರೆಯಿಲ್ಲ ಎಂದು ಪರೀಕ್ಷೆಯಲ್ಲಿ ತಿಳಿದಿತ್ತು. ಅಜ್ಜಿ ಹಿಂದಿನ ಬಾಗಿಲ ಬಳಿ ಮಣೆ ಹಾಕಿಕೊಂಡು ಮಜ್ಜಿಗೆ ಕಡೆಯುತ್ತಿದ್ದರು. ಮಗು ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿತ್ತು. ಬೆಣ್ಣೆ ತೇಲಿ ಬಂದಾಗ ಅಜ್ಜಿ ಅದನ್ನು ಉಂಡೆ ಮಾಡಿ ತಣ್ಣೀರಿನ ಬಟ್ಟಲಿಗೆ ಹಾಕಿದರು. ಮಗು ಬಾಗಿ ನೋಡಿತು, ಒಂದು ಬೆರಳು ತಾಗಿಸಿ ಹಿಂದಕ್ಕೆಳೆದುಕೊಂಡಿತು, ಮತ್ತೆ ಇಡೀ ಅಂಗೈ ಇಟ್ಟಿತು. ಅಂಟಿದ ಬೆಣ್ಣೆಯನ್ನು ಅಜ್ಜಿಯ ಗಲ್ಲಕ್ಕೆ ಒರೆಸಿತು. ಅಜ್ಜಿ ಅದನ್ನು ನೆಕ್ಕಿ 'ಹೂಂ' ಎಂದು ಮತ್ತೆ ಕಡಗೋಲು ಹಿಡಿದರು. ಸ್ವಲ್ಪ ಹೊತ್ತಿಗೆ ಮಗು ತನ್ನ ಮಣಿಕಟ್ಟನ್ನು ತುಟಿಗೆ ಮುಟ್ಟಿಸಿಕೊಂಡಿತು. ಮುಖ ಕಿವಿಚಿತು. ಮತ್ತೆ ಬಟ್ಟಲಿಗೆ ಕೈ ಹಾಕಿತು.

ಈ ಇಡೀ ಹೊತ್ತು ಅಜ್ಜಿ 'ತಿನ್ನು' ಎನ್ನಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, 'ನೋಡ್ರೋ ಬಾಯಿಗಿಟ್ಲು' ಎಂದು ಯಾರನ್ನೂ ಕೂಗಲಿಲ್ಲ. ಅವರ ಕಣ್ಣು ಮಜ್ಜಿಗೆಯ ಮೇಲಿತ್ತು. ನಾವು ಚಿಕಿತ್ಸೆಯ ಕೋಣೆಯಲ್ಲಿ ಆಟದ ಸಾಮಾನು ಹರಡಿ ಮಾಡಲು ಹೊರಡುವುದೆಲ್ಲ ಆ ಹಿತ್ತಿಲ ಬಾಗಿಲಲ್ಲಿ ನಡೆದುಹೋಯಿತು. ಆಹಾರ ಕಣ್ಣಿಗೆ ಬಿತ್ತು, ವಾಸನೆ ಬಂತು, ಕೈಗೆ ಅಂಟಿತು, ಇನ್ನೊಬ್ಬರ ಬಾಯಿಗೆ ಹೋಯಿತು, ಕೊನೆಗೆ ತನ್ನ ತುಟಿಗೆ ಬಂತು. ಪ್ರತಿ ಹೆಜ್ಜೆಯನ್ನೂ ಮಗುವೇ ಇಟ್ಟಿತು. ಬಾಯಿಗೆ ಬರುವ ಮೊದಲು ಆಹಾರ ಕೈಗೆ ಬರಬೇಕು ಎನ್ನುವುದು ನಮ್ಮ ವಿದ್ಯೆಯ ದೊಡ್ಡ ಪಾಠಗಳಲ್ಲೊಂದು.

ಆದ್ದರಿಂದ ಮಗುವನ್ನು ಅಡುಗೆಮನೆಯಿಂದ ದೂರ ಇಡಬೇಡಿ. ಒಲೆಯ ಬಿಸಿ ತಾಗದ ಕಡೆ ಕೂರಿಸಿ. ಒಗ್ಗರಣೆಯ ಇಂಗು, ಕೊತ್ತಂಬರಿ, ಹುರಿದ ರಾಗಿ ಹಿಟ್ಟು, ಮಾಗಿದ ಬಾಳೆಹಣ್ಣು ಇವುಗಳ ವಾಸನೆ ಟ್ಯೂಬಿನ ಮಗುವಿನ ಮೂಗಿಗೂ ಬೀಳಲಿ. ವಾಸನೆಗೇ ಬಾಯಲ್ಲಿ ನೀರೂರುತ್ತದೆ, ಹೊಟ್ಟೆಯಲ್ಲಿ ರಸ ಸುರಿಯುತ್ತದೆ. ಅಕ್ಕಿ ರೊಟ್ಟಿಯ ಹಿಟ್ಟಿನಿಂದ ನಿಂಬೆ ಗಾತ್ರದ ಉಂಡೆ ಕೊಟ್ಟು ತಟ್ಟಲು ಬಿಡಿ. ಮೊಸರನ್ನದ ತಟ್ಟೆಯಲ್ಲಿ ಕೈಯಾಡಿಸಲಿ. ಇಲ್ಲಿ ನಿಮಗೆ ಎರಡು ಸಂಕೋಚಗಳು ಬರುತ್ತವೆ ಎಂದು ಬಲ್ಲೆ. ಒಂದು, ಎಂಜಲು. ಮಗುವಿಗೆ ಬೇರೆಯೇ ಒಂದು ಪುಟ್ಟ ತಟ್ಟೆ ಇಟ್ಟುಬಿಡಿ, ಪಾತ್ರೆಗೆ ಕೈ ಹಾಕುವ ಪ್ರಮೇಯ ಬರುವುದಿಲ್ಲ. ಇನ್ನೊಂದು, ಅನ್ನ ಚೆಲ್ಲಬಾರದೆಂಬುದು. ಅನ್ನವನ್ನು ದೇವರೆಂದು ಬದುಕಿದವರು ನೀವು, ಆ ಮಾತನ್ನು ನಾನು ಗೌರವಿಸುತ್ತೇನೆ. ಎರಡು ಚಮಚದಷ್ಟು ಅನ್ನ ಸಾಕು, ಅಷ್ಟೇ ಹಾಕಿ. ಅದು ನೆಲಕ್ಕೆ ಬಿದ್ದರೂ ಮಗುವಿನ ಕಲಿಕೆಗೆ ಸಂದಿದೆ. ಎಡಗೈಯಲ್ಲಿ ಮುಟ್ಟಿದರೂ ಈಗ ತಡೆಯಬೇಡಿ. ಯಾವ ಕೈ ಮುಂದೆ ಬಂದರೂ ಅದು ಊಟದ ಕಡೆಗೆ ಬಂದ ಕೈ. ಬಲಗೈ ಅಭ್ಯಾಸ ಆಮೇಲೆ ಮಾಡಿಸಬಹುದು.

ಟ್ಯೂಬಿನಲ್ಲಿ ಹಾಲು ಬಿಡುವ ಹೊತ್ತನ್ನು ಮನೆಯವರ ಊಟದ ಹೊತ್ತಿಗೆ ಹೊಂದಿಸಲು ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಎಷ್ಟೋ ಮನೆಗಳಲ್ಲಿ ಮಗು ಒಳಕೋಣೆಯಲ್ಲಿ ಮಂಚದ ಮೇಲೆ ಮಲಗಿ ಟ್ಯೂಬಿನಲ್ಲಿ ಉಣ್ಣುತ್ತದೆ, ಉಳಿದವರು ಹೊರಗೆ. ಹೊಟ್ಟೆ ತುಂಬಿದ ಹಿತಕ್ಕೂ ಊಟದ ನೋಟಕ್ಕೂ ಸಂಬಂಧವೇ ಬೆಳೆಯುವುದಿಲ್ಲ. ಪಂಕ್ತಿಯಲ್ಲಿ ಅದಕ್ಕೂ ಒಂದು ಜಾಗವಿರಲಿ. ಬೆನ್ನಿಗೆ ಆನಿಕೆ ಇರಲಿ, ಕಾಲು ಜೋತಾಡದೆ ಯಾವುದಾದರೂ ಮಣೆಯ ಮೇಲೆ ಊರಿರಲಿ; ಮೈ ಭದ್ರವಾಗಿದ್ದರೇ ನಾಲಿಗೆ, ದವಡೆ ಚೆನ್ನಾಗಿ ಆಡುವುದು. ಮಗುವಿನ ಮುಂದೆ ತಟ್ಟೆ ಇರಲಿ, ಸಿರಿಂಜು ಹಿಡಿಯಲು ಮಗುವೂ ಕೈಜೋಡಿಸಲಿ. ನೀವು ನಿಮ್ಮ ಪಾಡಿಗೆ ಸಾರನ್ನ ಸವಿಯುತ್ತಾ ಊಟ ಮಾಡಿ. ಮಗು ನಿಮ್ಮ ಬಾಯನ್ನು ನೋಡುತ್ತಿರುತ್ತದೆ. ಅದು ನಿಮಗೆ ತುತ್ತು ಕೊಟ್ಟರೆ ತಿನ್ನಿ.

ಚಮಚ ಹಿಡಿಯುವ ಕಾಲ ಬಂದಾಗ ಚಮಚವನ್ನು ಮಗುವಿನ ಮುಖಕ್ಕೆ ಒಯ್ಯಬೇಡಿ. ಒಂದು ಮೊಳ ದೂರದಲ್ಲಿ, ಅದರ ಕಣ್ಣಿಗೆ ಕಾಣುವ ಹಾಗೆ, ಗಲ್ಲಕ್ಕಿಂತ ಸ್ವಲ್ಪ ಕೆಳಗೆ ಹಿಡಿದು ನಿಲ್ಲಿಸಿ. ಮುಂದಕ್ಕೆ ಬಾಗಿದರೆ, ಬಾಯಿ ತೆರೆದರೆ, ಚಮಚಕ್ಕೆ ಕೈ ಹಾಕಿದರೆ ಅದು ಒಪ್ಪಿಗೆ. ತಲೆ ತಿರುಗಿಸಿದರೆ 'ಆಯ್ತಮ್ಮ, ಬೇಡ ಅಂದ್ರೆ ಬೇಡ' ಎಂದು ಇಳಿಸಿಬಿಡಿ. ಬೇಡ ಎಂದಾಗ ಬೇಡವೇ ಆಗುತ್ತದೆ ಎಂದು ಗೊತ್ತಾದ ಮಗು ಬಲುಬೇಗ ಬೇಕು ಎನ್ನಲು ಕಲಿಯುತ್ತದೆ. ಉಗುಳಿದರೆ ಬೈಯಬೇಡಿ, ಬಾಯಿಗೆ ಹಾಕಿ ಉಗುಳುವುದೂ ಕಲಿಕೆಯ ಒಂದು ಹಂತ. ಓಕರಿಸಿದರೂ ಗಾಬರಿ ಬೇಡ. ಪುಟ್ಟ ಕೂಸುಗಳಿಗೆ ನಾಲಿಗೆಯ ಮುಂಭಾಗ ಮುಟ್ಟಿದರೂ ಓಕರಿಕೆ ಬರುತ್ತದೆ. ಆಟಿಕೆ, ಬೆರಳು ಬಾಯಿಗೆ ಹಾಕಿಕೊಂಡು ಕಡಿಯುತ್ತಾ ಕಡಿಯುತ್ತಾ ಅದು ಹಿಂದಕ್ಕೆ ಸರಿಯುತ್ತದೆ. ಟ್ಯೂಬಿನ ಮಗುವಿಗೆ ಆ ಕಡಿಯುವ ಆಟವೇ ತಪ್ಪಿದೆ.

ರುಚಿಯ ವಿಷಯದಲ್ಲಿ ಒಂದು ಸಂಗತಿ ನನಗೆ ಯಾವಾಗಲೂ ಸಂತೋಷ ಕೊಡುತ್ತದೆ. ಮಗು ಎಂದರೆ ಸಪ್ಪೆ, ಸಿಹಿ ಎಂದುಕೊಳ್ಳುತ್ತೇವೆ. ನಾನು ಕಂಡ ಎಷ್ಟೋ ಮಕ್ಕಳು ಸರಿ, ಗಂಜಿಗೆ ಮುಖ ತಿರುಗಿಸಿ, ತಿಳಿಸಾರಿನಲ್ಲಿ ಅದ್ದಿದ ಬೆರಳನ್ನು, ಉಪ್ಪಿನಕಾಯಿಯ ರಸ ಸೋಕಿದ ಚಮಚದ ತುದಿಯನ್ನು ಮತ್ತೆ ಮತ್ತೆ ಕೇಳಿವೆ. ಸಬ್ಬಕ್ಕಿ ಸಂಡಿಗೆಯ ಚೂರು ಬಾಯಲ್ಲಿ ಸದ್ದು ಮಾಡಿ ಕರಗುತ್ತದೆ, ಅಗಿಯುವುದನ್ನು ಕಲಿಯಲು ಹೊರಟ ಮಗುವಿಗೆ ಅದು ಒಳ್ಳೆಯದು. ಚಿಕಿತ್ಸಕರು ಹೂಂ ಎಂದ ಮೇಲೆ ಕೊಡಿ. ಕಡಲೆಕಾಯಿ, ಇಡೀ ದ್ರಾಕ್ಷಿ, ಹುರಿಗಾಳು ಇವನ್ನು ಯಾವ ಪುಟ್ಟ ಮಗುವಿನ ಕೈಗೂ ಕೊಡಬಾರದು. ಮತ್ತು ಬಾಯಲ್ಲಿ ತಿನ್ನದ ಮಗುವಿನ ಹಲ್ಲನ್ನೂ ದಿನಾ ಉಜ್ಜಬೇಕು. ತಿನ್ನದಿದ್ದರೂ ಹಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಅದರ ಕ್ರಿಮಿ ಜೊಲ್ಲಿನ ಜೊತೆ ಎದೆಗೆ ಹೋದರೆ ನ್ಯುಮೋನಿಯಾ.

ಮಗುವನ್ನು ನಂಬಬಹುದೇ ಎಂಬ ಅನುಮಾನ ನಿಮಗಿದ್ದರೆ, ಒಂದು ಹಳೆಯ ಪ್ರಯೋಗ ಕೇಳಿ. 1920ರ ದಶಕದಲ್ಲಿ ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ, ಆಗಷ್ಟೇ ಹಾಲು ಬಿಡಿಸಿದ ಕೂಸುಗಳ ಮುಂದೆ ಹಣ್ಣು, ತರಕಾರಿ, ಧಾನ್ಯ, ಮೊಟ್ಟೆ, ಮಾಂಸ, ಹಾಲು ಎಲ್ಲವನ್ನೂ ಬೇರೆ ಬೇರೆ ಬಟ್ಟಲಲ್ಲಿ ಇಡಿಸಿದರು. ಪಕ್ಕದಲ್ಲಿ ಕೂತ ದಾದಿಯರಿಗೆ ಕಟ್ಟಪ್ಪಣೆ ಇತ್ತು: ಮಗು ಕೈ ತೋರಿಸಿದರೆ ಮಾತ್ರ ಚಮಚ ಎತ್ತಬೇಕು, ಏನನ್ನೂ ತಿನ್ನೆಂದು ಹೇಳಬಾರದು, ಯಾವುದನ್ನೂ ಹೊಗಳಬಾರದು. ತಿಂಗಳುಗಳು, ಕೆಲವು ಮಕ್ಕಳಿಗೆ ವರ್ಷಗಳ ಕಾಲವೇ ಇದು ನಡೆಯಿತು. 1939ರಲ್ಲಿ ಅವರು ಹದಿನೈದು ಮಕ್ಕಳ ಫಲಿತಾಂಶವನ್ನು ವೈದ್ಯರ ಮುಂದಿಟ್ಟರು. ಒಂದು ಮಗು ಒಂದು ದಿನ ಬರೀ ಹಣ್ಣು, ಇನ್ನೊಂದು ದಿನ ಇನ್ನೇನೋ ತಿಂದಂತೆ ಕಂಡರೂ, ಒಟ್ಟಿನಲ್ಲಿ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದಿದ್ದವು. ಬಟ್ಟಲಲ್ಲಿದ್ದದ್ದೆಲ್ಲ ಒಳ್ಳೆಯ ಆಹಾರವೇ ಆಗಿತ್ತು, ಗುಟ್ಟು ಅದರಲ್ಲಿದೆ ಎಂದು ಡೇವಿಸ್ ಅವರೇ ಹೇಳಿದರು. ದೊಡ್ಡವರ ಕೆಲಸ ಒಳ್ಳೆಯದನ್ನು ಹೊತ್ತಿಗೆ ಸರಿಯಾಗಿ ಮುಂದಿಡುವುದು. ಎಷ್ಟು ಎನ್ನುವುದು ಮಗುವಿಗೆ ಸೇರಿದ್ದು. ಅವು ನುಂಗಲು ತೊಂದರೆಯಿಲ್ಲದ ಮಕ್ಕಳು, ನಿಮ್ಮ ಮೊಮ್ಮಗುವಿನ ಸ್ಥಿತಿ ಬೇರೆ, ಒಪ್ಪುತ್ತೇನೆ. ಆದರೆ ಟ್ಯೂಬ್ ಮಕ್ಕಳಿಗೆಂದೇ ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಮಾರ್ಗರಿಟ್ ಡೂನಿಟ್ಸ್–ಶೇರ್ ಮತ್ತು ಪೀಟರ್ ಶೇರ್ ಎಂಬ ವೈದ್ಯ ದಂಪತಿ ಕಟ್ಟಿದ ಚಿಕಿತ್ಸೆಯ ತಿರುಳೂ ಇದೇ. ನೆಲದ ಮೇಲೆ ಬಟ್ಟೆ ಹಾಸಿ, ಆಹಾರ ಹರಡಿ, ಮಕ್ಕಳನ್ನು ಅದರ ನಡುವೆ ಬಿಡುತ್ತಾರೆ. ದೊಡ್ಡವರು ಸುತ್ತ ಕೂತು ತಾವು ತಿನ್ನುತ್ತಾರೆ, ಮಗುವಿಗೆ ಯಾರೂ ತಿನ್ನಿಸುವುದಿಲ್ಲ. ಅದರ ಜೊತೆಗೆ ವೈದ್ಯರ ಕಣ್ಗಾವಲಿನಲ್ಲಿ ಟ್ಯೂಬಿನ ಹಾಲನ್ನು ತಗ್ಗಿಸುತ್ತಾರೆ. ಹಸಿವಿಗೆ ಜಾಗ ಇದೆ ಎಂದು ಆಗಲೇ ಹೇಳಿದ್ದು ಇದನ್ನೇ. ಹಗಲು ರಾತ್ರಿ ಹೊಟ್ಟೆ ತುಂಬಿದ ಮಗುವಿಗೆ ಹಸಿವೆಂದರೇನೆಂದೇ ತಿಳಿದಿರುವುದಿಲ್ಲ. ಬಾಯಿ ಸಿದ್ಧವಾದ ಮೇಲೆ, ಹೆದರಿಕೆ ಹೋದ ಮೇಲೆ, ಹಾಲಿನ ನಡುವೆ ಅಂತರ ಕೊಟ್ಟು ಹಸಿವನ್ನು ಪರಿಚಯಿಸುತ್ತೇವೆ. ಈ ಕ್ರಮ ತಿರುವುಮುರುವಾದರೆ ಕೆಲಸ ಕೆಡುತ್ತದೆ.

ಮೊಬೈಲ್ ತೋರಿಸಿ ತಿನ್ನಿಸುವುದು ಈಗ ಎಲ್ಲ ಮನೆಯ ಅಭ್ಯಾಸ. ಕಣ್ಣು ಪರದೆಯ ಮೇಲಿದ್ದಾಗ ಬಾಯಿಗೆ ಏನು ಬಂತೆಂದು ಮಗುವಿಗೆ ಗೊತ್ತಾಗುವುದೇ ಇಲ್ಲ. ಗೊತ್ತಾಗದೆ ಒಳಗೆ ಹೋದದ್ದರಿಂದ ಮಗು ಏನೂ ಕಲಿಯುವುದಿಲ್ಲ, ನುಂಗುವುದು ಕಷ್ಟವಿರುವ ಮಗುವಿಗಂತೂ ಅದು ಅಪಾಯ. 'ಅಜ್ಜಿಗೋಸ್ಕರ ಇನ್ನೊಂದೇ ತುತ್ತು' ಎನ್ನುವುದನ್ನೂ ಬಿಡಿ. ಆ ಮಾತಿನಲ್ಲಿ ಪ್ರೀತಿ ಎಷ್ಟಿದೆಯೋ ಒತ್ತಾಯವೂ ಅಷ್ಟೇ ಇದೆ.

ನಿಮಗೆ ಬೇಸರವಾದರೂ ಹೇಳಲೇಬೇಕಾದ ಮಾತು ಇನ್ನೊಂದಿದೆ. ಮದುವೆ, ನಾಮಕರಣಗಳಲ್ಲಿ ಯಾರಾದರೂ 'ಅಯ್ಯೋ, ಇನ್ನೂ ಪೈಪೇನಾ?' ಎಂದಾಗ ನಿಮ್ಮ ಸೊಸೆಯ, ಮಗಳ ಮುಖ ನೋಡಿ. ಅವಳು ರಾತ್ರಿ ಎರಡು ಗಂಟೆಗೆ ಎದ್ದು ಟ್ಯೂಬ್ ಜಾಗದಲ್ಲಿದೆಯೇ ಎಂದು ನೋಡಿ ಹಾಲು ಬಿಡುವವಳು, ಸಿರಿಂಜು ಕುದಿಸುವವಳು, ಆಸ್ಪತ್ರೆಯ ಫೈಲು ಹೊತ್ತು ಬಸ್ಸು ಹತ್ತುವವಳು. ಅಂಥವಳಿಗೆ 'ನಿನ್ನ ಹಾಲು ಸಾಲದೇ ಹೋಯಿತು', 'ನೀನು ಸರಿಯಾಗಿ ತಿನ್ನಿಸುತ್ತಿಲ್ಲ' ಎಂಬ ಮಾತು ಮನೆಯೊಳಗಿಂದಲೇ ಬಂದರೆ, ಅವಳು ನಾಳೆ ಚಮಚ ಹಿಡಿದು ಮಗುವಿನ ಮುಂದೆ ಕೂರುವುದು ಭಯದಲ್ಲಿ. ಆ ಭಯ ಮಗುವಿಗೆ ತಗಲುತ್ತದೆ. ನೆಂಟರ ಮುಂದೆ ನೀವೊಬ್ಬರು 'ನಮ್ಮ ಮಗು ಟ್ಯೂಬಲ್ಲಿ ಉಣ್ಣುತ್ತೆ, ಬಾಯಲ್ಲಿ ಕಲೀತಾ ಇದೆ, ಚೆನ್ನಾಗಿದೆ' ಎಂದು ಗಟ್ಟಿಯಾಗಿ ಹೇಳಿಬಿಟ್ಟರೆ, ಅವಳಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮಗುವೂ ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ.

ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳುತ್ತೀರಿ. ಕೆಲವು ಮಕ್ಕಳಿಗೆ ತಿಂಗಳುಗಳು, ಕೆಲವಕ್ಕೆ ವರ್ಷ. ನೆಗಡಿ, ಜ್ವರ ಬಂದರೆ ಕಲಿತದ್ದೆಲ್ಲ ಮರೆತಂತೆ ಕಾಣುತ್ತದೆ, ವಾಸಿಯಾದ ಮೇಲೆ ಮರಳುತ್ತದೆ. ಕೆಲವು ಮಕ್ಕಳಿಗೆ ಟ್ಯೂಬ್ ಜೀವನಪೂರ್ತಿ ಬೇಕಾಗಬಹುದು. ಅಂಥ ಮಗುವಿಗೂ ವೈದ್ಯರು ಒಪ್ಪಿದಷ್ಟು ಬೆಣ್ಣೆಯ ರುಚಿ, ಸಾರಿನ ರುಚಿ, ಹಬ್ಬದ ದಿನ ನಿಮ್ಮ ಪಕ್ಕದಲ್ಲಿ ಒಂದು ಎಲೆ ಇರಬೇಕು. ಟ್ಯೂಬ್ ತೆಗೆಸುವುದೊಂದೇ ಗುರಿಯಾದರೆ ಈ ಮಕ್ಕಳನ್ನು ಸೋತವರೆಂದು ಎಣಿಸಬೇಕಾಗುತ್ತದೆ. ನಾನು ಎಣಿಸಲಾರೆ.

ಸಹಾಯ ಎಲ್ಲಿ ಸಿಗುತ್ತದೆ ಎನ್ನುವವರಿಗೆ: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಕೇಂದ್ರಗಳಿವೆ. ಬೆಳವಣಿಗೆಯಲ್ಲಿ ತೊಂದರೆಯಿರುವ ಮಕ್ಕಳನ್ನು ಅಲ್ಲಿ ಹಣವಿಲ್ಲದೆ ನೋಡುತ್ತಾರೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯವರನ್ನೋ ಕೇಳಿದರೆ ದಾರಿ ಹೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಮೊದಲು ನಿಮ್ಮ ಮಕ್ಕಳ ವೈದ್ಯರಿಂದ ಒಂದು ಚೀಟಿ ಬರೆಸಿಕೊಳ್ಳಿ.

ಮುಂದಿನ ಸಲ ಮಗುವನ್ನು ಕರೆತಂದಾಗ ಹೊರಗಿನ ಬೆಂಚಿನ ಮೇಲೆ ಕೂರಬೇಡಿ, ಒಳಗೆ ಬನ್ನಿ. 'ಅಷ್ಟೊಂದು ಜನ ಬೇಡ' ಎಂದು ಯಾರಾದರೂ ತಡೆದರೆ, ಊಟ ಮಾಡಿಸುವುದು ನಾನೇ ಎಂದು ಹೇಳಿ. ಬರುವಾಗ ಮನೆಯಲ್ಲಿ ಮಗು ಮುಟ್ಟುವ ತಟ್ಟೆ, ಚಮಚ, ನೀವು ಆ ದಿನ ಮಾಡಿದ ಮೊಸರನ್ನವೋ ಸಾರೋ ಒಂದು ಡಬ್ಬಿಯಲ್ಲಿ ತನ್ನಿ. ನಿಮ್ಮ ಕೈಯಡುಗೆಯಿಂದಲೇ ಪಾಠ ಶುರುಮಾಡೋಣ.

ಇಂತಿ,
ನಿಮ್ಮ ಮೊಮ್ಮಕ್ಕಳ ಜೊತೆ ಕೆಲಸ ಮಾಡುವ
ಒಬ್ಬ ವಾಕ್ ಚಿಕಿತ್ಸಕಿ